ಡಾವ್ಕಿಗೆ ಒಂದು ದಿನ ಹೋಗಿ ಬಂದರೆ ಸಾಕಾ, ಶ್ನೋಂಗ್‌ಪ್ಡೆಂಗ್‌ನಲ್ಲಿ ಉಳಿಯಬೇಕಾ?

ಕೆಂಪುಛತ್ರಿ ಕೇಳಿದ್ದು:

ಡಿಸೆಂಬರ್ ಮೊದಲ ವಾರ ಮೇಘಾಲಯಕ್ಕೆ ಹೊರಟಿದ್ದೇವೆ. ನಾನು, ಹೆಂಡತಿ, ಅಮ್ಮ, ಐದನೇ ಕ್ಲಾಸಿನ ಮಗ. ಗುವಾಹಟಿಗೆ ವಿಮಾನ, ಅಲ್ಲಿಂದ ಶಿಲ್ಲಾಂಗ್. ಟ್ಯಾಕ್ಸಿಯವರು ಕಳಿಸಿದ ಪ್ಲಾನ್‌ನಲ್ಲಿ ಮಾವ್ಲಿನ್ನಾಂಗ್, ಬೇರಿನ ಸೇತುವೆ, ಡಾವ್ಕಿ ಮೂರನ್ನೂ ಒಂದೇ ದಿನಕ್ಕೆ ತುರುಕಿದ್ದಾರೆ. ಬೆಳಗ್ಗೆ ಹೊರಟು ರಾತ್ರಿ ಶಿಲ್ಲಾಂಗ್‌ಗೆ ವಾಪಸ್. ಇದು ಆಗುವ ಮಾತಾ?

ಡಾವ್ಕಿಯಿಂದ ಸ್ವಲ್ಪ ಮೇಲೆ, ಅದೇ ಉಮ್‌ಗೋಟ್ ನದಿ ದಡದಲ್ಲಿ ಶ್ನೋಂಗ್‌ಪ್ಡೆಂಗ್ ಅಂತ ಒಂದು ಸಣ್ಣ ಊರಿದೆಯಂತೆ. ಅಲ್ಲಿ ಒಂದು ರಾತ್ರಿ ಉಳಿಯೋಣ ಅಂತ ನನಗೆ ಆಸೆ. ಮನೆಯಲ್ಲಿ ಮಾತ್ರ ಒಪ್ಪುತ್ತಿಲ್ಲ. ಬಾಂಗ್ಲಾ ಗಡಿ ಅಷ್ಟು ಹತ್ತಿರ, ರಾತ್ರಿ ಯಾಕೆ ಬೇಕು ಅಂತ ಅಮ್ಮ. ಫೋಟೋದಲ್ಲಿ ದೋಣಿ ಗಾಳಿಯಲ್ಲಿ ತೇಲುವ ಹಾಗೆ ಕಾಣುತ್ತದಲ್ಲ, ಅದು ಕಂಪ್ಯೂಟರ್ ಕೆಲಸ, ಸುಮ್ನೆ ಮೋಸ ಹೋಗಬೇಡಿ ಅಂತ ಆಫೀಸಿನಲ್ಲಿ ಒಬ್ಬರು. ಪರ್ಮಿಟ್ ಏನಾದರೂ ಬೇಕಾ? ಪಾಸ್‌ಪೋರ್ಟ್ ಇಟ್ಟುಕೊಳ್ಳಬೇಕಾ? ಹೋಗಿ ಬಂದವರು ದಯವಿಟ್ಟು ಹೇಳಿ. ಯೂಟ್ಯೂಬ್ ನೋಡಿ ನೋಡಿ ತಲೆ ಕೆಟ್ಟಿದೆ. ಎಲ್ಲರೂ ಅದೇ ದೋಣಿ, ಅದೇ ಡ್ರೋನ್.

ನೀರುಕಾಗೆ:

ಮೊದಲು ನಿಮ್ಮ ಆಫೀಸಿನವರಿಗೆ ಉತ್ತರ. ಫೋಟೋ ಸುಳ್ಳಲ್ಲ. 2021ರ ನವೆಂಬರ್‌ನಲ್ಲಿ ಕೇಂದ್ರದ ಜಲಶಕ್ತಿ ಸಚಿವಾಲಯವೇ ಈ ನದಿಯ ಚಿತ್ರ ಹಾಕಿ ಟ್ವೀಟ್ ಮಾಡಿತ್ತು, ಆಮೇಲೇ ದೇಶಕ್ಕೆಲ್ಲ ಹುಚ್ಚು ಹಿಡಿದದ್ದು. ಆದರೆ ಆ ಚಿತ್ರ ಸಿಗಬೇಕಾದರೆ ನಾಲ್ಕೈದು ವಿಷಯ ಒಟ್ಟಿಗೆ ಕೂಡಿ ಬರಬೇಕು, ಅದನ್ನು ಯಾರೂ ಹೇಳುವುದಿಲ್ಲ.

ದೋಣಿ ತೇಲಿದ ಹಾಗೆ ಕಾಣುವುದು ಅದರ ನೆರಳಿನಿಂದ. ಬಿಸಿಲು ನೇರ ತಳದ ಕಲ್ಲಿನವರೆಗೆ ಇಳಿಯಬೇಕು, ದೋಣಿಯ ನೆರಳು ಅದರಿಂದ ಸ್ವಲ್ಪ ದೂರ ತಳದ ಮೇಲೆ ಬೀಳಬೇಕು. ಆಗ ಕಣ್ಣಿಗೆ ನಡುವಿನ ನೀರೇ ಮಾಯ. ಮೋಡ ಬಂತೋ, ಮುಗೀತು. ಗಾಳಿ ಬೀಸಿ ನೀರು ಸುಕ್ಕಾಯಿತೋ, ಆಗಲೂ ಮುಗೀತು. ನದಿ ಹರಿಯುವುದು ಎರಡು ಗುಡ್ಡಗಳ ನಡುವಿನ ಕಿಬ್ಬಿಯಲ್ಲಿ. ಹಾಗಾಗಿ ಬೆಳಗ್ಗೆ ಬಿಸಿಲು ನೀರಿಗೆ ಇಳಿಯುವುದೇ ತಡ, ಮಧ್ಯಾಹ್ನ ಬೇಗ ಗುಡ್ಡದ ನೆರಳು ಬಂದುಬಿಡುತ್ತದೆ. ಹತ್ತರಿಂದ ಒಂದರ ಒಳಗೆ ದೋಣಿಯಲ್ಲಿ ಇದ್ದರೆ ಸರಿ. ದೋಣಿಯಲ್ಲಿ ಕೂತು ತೆಗೆದರೆ ಆ ಚಿತ್ರ ಬರುವುದಿಲ್ಲ, ಮೇಲಿನಿಂದ ತೆಗೆಯಬೇಕು. ಶ್ನೋಂಗ್‌ಪ್ಡೆಂಗ್‌ನಲ್ಲಿ ಜನ ಓಡಾಡುವ ತೂಗುಸೇತುವೆ ಇದೆ, ಅಲ್ಲಿಂದ ಸಿಗುತ್ತದೆ. ಡಾವ್ಕಿಯ ದೊಡ್ಡ ಸೇತುವೆ ಬೇರೆ, 1932ರಲ್ಲಿ ಬ್ರಿಟಿಷರು ಕಟ್ಟಿದ್ದು. ಅದರ ಮೇಲೆ ನಿಂತು ಫೋಟೋ ತೆಗೆಯಲು ಕಾವಲಿನವರು ಬಿಡುವುದಿಲ್ಲ.

ಈಗ ಟ್ಯಾಕ್ಸಿಯವರ ಪ್ಲಾನ್. ಶಿಲ್ಲಾಂಗ್‌ನಿಂದ ಡಾವ್ಕಿಗೆ 80 ಚಿಲ್ಲರೆ ಕಿಲೋಮೀಟರ್. ಕೇಳಲು ಕಡಿಮೆ, ಆದರೆ ಘಟ್ಟದ ರಸ್ತೆ, ಕೊನೆಯ ಭಾಗ ಪೂರ್ತಿ ಇಳಿಜಾರು. ಮಾವ್ಲಿನ್ನಾಂಗ್ ಮುಗಿಸಿ, ಊಟ ಮಾಡಿ ಡಾವ್ಕಿ ಮುಟ್ಟುವಾಗ ಮೂರು ಗಂಟೆ ಆಗಿರುತ್ತದೆ. ಡಿಸೆಂಬರ್‌ನಲ್ಲಿ ಅಲ್ಲಿ ನಾಲ್ಕೂವರೆ ದಾಟಿದರೆ ಸೂರ್ಯ ಮುಳುಗುತ್ತಾನೆ. ನಮ್ಮ ಕಡೆಯ ಲೆಕ್ಕದಲ್ಲಿ ಸಂಜೆ ಆರೂವರೆ ಅಂತ ಇಟ್ಟುಕೊಂಡು ಹೋದವರೆಲ್ಲ ಕಪ್ಪು ನೀರು ನೋಡಿ ಬಂದಿದ್ದಾರೆ, ಆಮೇಲೆ ಬಂದು ಇಲ್ಲಿ ನದಿಯನ್ನು ಬೈಯುತ್ತಾರೆ.

ಉಳಿಯಿರಿ. ಬೆಳಗ್ಗೆ ಟೂರಿಸ್ಟ್ ಗಾಡಿಗಳು ಶಿಲ್ಲಾಂಗ್‌ನಿಂದ ಬಂದು ತಲುಪುವ ಮೊದಲು ಆ ದಡದಲ್ಲಿ ಮೀನು ಹಿಡಿಯುವವರು ಬಿಟ್ಟರೆ ಯಾರೂ ಇರುವುದಿಲ್ಲ.

ಸುಮ್ನೆನೋಡುವವ:

ಎಲ್ಲರೂ ಹೊಗಳುತ್ತೀರಿ, ನಾನು ಸ್ವಲ್ಪ ಉಲ್ಟಾ ಹೇಳುತ್ತೇನೆ.

ಡಾವ್ಕಿ ಅಂದರೆ ಈಗ ಜಾತ್ರೆ. ದೋಣಿಗೆ ದೋಣಿ ಡಿಕ್ಕಿ ಹೊಡೆಯುವಷ್ಟು ಜನ. ರಸ್ತೆಯಲ್ಲಿ ಬಾಂಗ್ಲಾಕ್ಕೆ ಕಲ್ಲು ಸಾಗಿಸುವ ಲಾರಿಗಳ ಸಾಲು. ಆ ಹಳೇ ಸೇತುವೆ ಅಗಲವಿಲ್ಲ, ಒಂದು ಕಡೆಯ ಗಾಡಿ ದಾಟುವ ತನಕ ಇನ್ನೊಂದು ಕಡೆಯವರು ಕಾಯಬೇಕು. ಶ್ನೋಂಗ್‌ಪ್ಡೆಂಗ್ ಕೂಡ ಶನಿವಾರ ರಾತ್ರಿ ಹೋದರೆ ದಡದ ತುಂಬ ಟೆಂಟ್, ಸ್ಪೀಕರ್, ಬೆಂಕಿ ಹಾಕಿಕೊಂಡು ಕುಣಿಯುವವರು. ‘ಪ್ರಶಾಂತ ಹಳ್ಳಿ’ ಅಂತ ಯಾರೋ ಬರೆದದ್ದನ್ನು ನಂಬಿ ಅಮ್ಮನನ್ನು ಕರೆದುಕೊಂಡು ಹೋಗಬೇಡಿ.

ಇನ್ನೊಂದು. ನೀರು ವರ್ಷಪೂರ್ತಿ ಹಾಗಿರುವುದಿಲ್ಲ. ಏಪ್ರಿಲ್‌ನಿಂದ ಗಾಳಿ ಮಳೆ ಶುರು, ಜೂನ್ ಬಂದರೆ ಕೆಂಪು ಕೆಸರು. ಆಗ ದೋಣಿಯೂ ಇಲ್ಲ, ಟೆಂಟೂ ಇಲ್ಲ. ಡಿಸೆಂಬರ್ ನಿಮ್ಮ ಪುಣ್ಯ. ಆದರೆ ಮೇಲೆ ರಸ್ತೆ ಅಗಲ ಮಾಡುವ ಕೆಲಸ ನಡೆಯುವಾಗ ಅಗೆದ ಮಣ್ಣನ್ನು ಪಕ್ಕಕ್ಕೇ ದಬ್ಬಿದರೆ, ಒಂದು ಅಕಾಲದ ಮಳೆ ಬಿದ್ದರೆ ಸಾಕು, ಚಳಿಗಾಲದಲ್ಲೂ ನೀರು ಬಗ್ಗಡ. ಹೊರಡುವ ಹಿಂದಿನ ದಿನ ಉಳಿಯುವ ಜಾಗದವರಿಗೆ ಫೋನ್ ಮಾಡಿ ನೀರು ಹೇಗಿದೆ ಅಂತ ಕೇಳಿ. ಫೋಟೋ ಕಳಿಸಿ ಅಂದರೆ ಕಳಿಸುತ್ತಾರೆ.

ಹಳೇಬೂಟು:

ಅಮ್ಮನ ಭಯಕ್ಕೆ ನಾನು ಉತ್ತರ ಕೊಡುತ್ತೇನೆ. ಈಶಾನ್ಯದ ಗಡಿಯಲ್ಲಿ ವರ್ಷಗಟ್ಟಲೆ ಡ್ಯೂಟಿ ಮಾಡಿದವನು ನಾನು, ಈಗ ನಿವೃತ್ತ.

ಭಾರತ-ಬಾಂಗ್ಲಾ ಗಡಿ 4,096 ಕಿಲೋಮೀಟರ್. ಅದರಲ್ಲಿ ಮೇಘಾಲಯದ ಪಾಲು 443. ನಮ್ಮ ಕಡೆ ಬಿಎಸ್‌ಎಫ್, ಆ ಕಡೆ ಅವರ ಗಡಿ ಕಾವಲು ಪಡೆ ಬಿಜಿಬಿ. ಜನ ಟಿವಿಯಲ್ಲಿ ವಾಘಾ ನೋಡಿ ನೋಡಿ ಗಡಿ ಅಂದರೆ ಅಷ್ಟೆತ್ತರದ ಗೇಟು, ಬೂಟು ಕುಟ್ಟುವುದು ಅಂದುಕೊಂಡಿರುತ್ತಾರೆ. ಡಾವ್ಕಿಯಲ್ಲಿ ನದಿ ಬೆಟ್ಟ ಬಿಟ್ಟು ಬಯಲಿಗೆ ಇಳಿಯುವ ಕಡೆ ಒಂದು ಮರಳು ದಿಬ್ಬ ಇದೆ. ಬೇಲಿ ಇಲ್ಲ. ಈ ಕಡೆ ನಮ್ಮ ಟೂರಿಸ್ಟರು, ಆ ಕಡೆ ಜಾಫ್ಲಾಂಗ್‌ಗೆ ಬಂದ ಅವರ ಟೂರಿಸ್ಟರು, ನಡುವೆ ಒಬ್ಬ ಜವಾನ ಸೀಟಿ ಹಿಡಿದು ನಿಂತಿರುತ್ತಾನೆ. ಯಾರಾದರೂ ಸೆಲ್ಫಿ ತೆಗೆಯುತ್ತಾ ಹಿಂದೆ ಹಿಂದೆ ಹೋಗಿ ದೇಶ ದಾಟುತ್ತಾರೆ, ಆಗ ಸೀಟಿ. ಇಡೀ ದಿನ ಅದೇ ಕೆಲಸ. ಶುಕ್ರವಾರ ಬಾಂಗ್ಲಾದಲ್ಲಿ ರಜೆ, ಅವತ್ತು ಆ ಕಡೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಅವರ ವ್ಯಾಪಾರಿಗಳು ಗೆರೆಯ ಅಂಚಿಗೆ ಬಂದು ಉಪ್ಪಿನಕಾಯಿ, ಬೋರೆಹಣ್ಣು, ಖಾರದ ಮಂಡಕ್ಕಿ ಮಾರುತ್ತಾರೆ. ನಮ್ಮವರು ಕೈಚಾಚಿ ಕೊಂಡು ತಿನ್ನುತ್ತಾರೆ.

ಇದನ್ನು ನೋಡಿ ‘ಅಯ್ಯೋ ಗಡಿಯೇ ಇಲ್ಲ’ ಅಂತ ಸಲಿಗೆ ತೆಗೆದುಕೊಳ್ಳಬೇಡಿ. ಅದು ಟೂರಿಸ್ಟ್ ಜಾಗ ಅಂತ ಇರುವ ಸಲಿಗೆ. ಅಲ್ಲಿಂದ ಸ್ವಲ್ಪ ಪಕ್ಕಕ್ಕೆ ಹೋದರೆ ವಿಷಯ ಬೇರೆ. 1975ರ ಒಪ್ಪಂದದ ಪ್ರಕಾರ ಗೆರೆಯಿಂದ 150 ಗಜದ ಒಳಗೆ ಎರಡೂ ದೇಶದವರು ರಕ್ಷಣಾ ಕಟ್ಟಡ ಕಟ್ಟುವಂತಿಲ್ಲ. ಹಾಗಾಗಿ ಬೇಲಿಯನ್ನು 150 ಗಜ ನಮ್ಮ ಒಳಕ್ಕೆ ಹಾಕುತ್ತಾರೆ. ಕಾಗದದ ಮೇಲೆ ಸರಿ. ಆದರೆ ಡಾವ್ಕಿ ಪಕ್ಕದ ಲಿಂಗ್‌ಖಾಟ್‌ನಂಥ ಊರಿನಲ್ಲಿ ಮನೆ, ಆಟದ ಬಯಲು ಎಲ್ಲಾ ಗೆರೆಗೆ ತಾಗಿಕೊಂಡೇ ಇವೆ. 150 ಗಜ ಬಿಟ್ಟು ಬೇಲಿ ಹಾಕಿದರೆ ಅವರು ಭಾರತದವರೇ, ಆದರೆ ಬೇಲಿಯ ಆಚೆ. ಗೆರೆಯ ಮೇಲೇ ಹಾಕಿ ಅಂತ ಅವರು ಜಗಳ ತೆಗೆದದ್ದು ಅದಕ್ಕೇ. ನನ್ನ ಕೇಳಿದರೆ ಅವರದ್ದೇ ನ್ಯಾಯ.

ನಿಮ್ಮ ಶ್ನೋಂಗ್‌ಪ್ಡೆಂಗ್ ಗೆರೆಯಿಂದ ಏಳೆಂಟು ಕಿಲೋಮೀಟರ್ ಮೇಲೆ. ರಾತ್ರಿ ಅಲ್ಲಿ ಮಲಗಿದರೆ ಏನೂ ಆಗುವುದಿಲ್ಲ. ಭಾರತೀಯರಿಗೆ ಮೇಘಾಲಯದಲ್ಲಿ ಇನ್ನರ್ ಲೈನ್ ಪರ್ಮಿಟ್ ಇಲ್ಲ. ಆಧಾರ್ ಅಥವಾ ಬೇರೆ ಗುರುತಿನ ಚೀಟಿ ಜೇಬಿನಲ್ಲಿರಲಿ, ಸಾಕು. ಪಾಸ್‌ಪೋರ್ಟ್ ಬೇಕಾಗುವುದು ವೀಸಾ ತೆಗೆದುಕೊಂಡು ಬಾಂಗ್ಲಾದ ತಾಮಾಬಿಲ್ ಕಡೆಗೆ ದಾಟುವವರಿಗೆ ಮಾತ್ರ.

ಆ ಕಡೆ ಗಲಾಟೆ ಆದರೆ ಈ ಕಡೆ ಬಿಗಿ ಮಾಡುತ್ತಾರೆ, ಅದು ಸಹಜ. 2024ರ ಆಗಸ್ಟ್‌ನಲ್ಲಿ ಢಾಕಾದಲ್ಲಿ ಸರ್ಕಾರ ಬಿದ್ದ ದಿನವೇ ಮೇಘಾಲಯ ಗಡಿಯಲ್ಲಿ ರಾತ್ರಿ ಕರ್ಫ್ಯೂ ಬಂತು. ಅಂಥದ್ದು ಇದ್ದರೆ ಟ್ಯಾಕ್ಸಿಯವನಿಗೆ ಮೊದಲೇ ಗೊತ್ತಿರುತ್ತದೆ. ಕೇಳಿಕೊಂಡು ಹೋಗಿ. ಡ್ರೋನ್ ಮಾತ್ರ ಅಲ್ಲಿ ಹಾರಿಸಲೇಬೇಡಿ, ಯೂಟ್ಯೂಬ್‌ನವರು ಏನೇ ಮಾಡಿರಲಿ.

ಪೈನ್‌ಮರ:

ಕೆಲಸದ ಮೇಲೆ ಶಿಲ್ಲಾಂಗ್‌ನಲ್ಲಿ ಬಹಳ ಕಾಲದಿಂದ ಇದ್ದೇನೆ. ಆ ಕಡೆ ಹೋಗಿ ಬರುತ್ತಿರುತ್ತೇನೆ. ನೋಡುವ ಜಾಗದ ಬಗ್ಗೆ ಎಲ್ಲರೂ ಹೇಳಿಯಾಯಿತು. ಊರಿನ ಬಗ್ಗೆ ಯಾರೂ ಹೇಳಲಿಲ್ಲ, ಅದಕ್ಕೆ ಉದ್ದ ಬರೆಯುತ್ತಿದ್ದೇನೆ, ಸಹಿಸಿಕೊಳ್ಳಿ.

ನಕ್ಷೆ ತೆಗೆದು ನೋಡಿ. ಮೇಘಾಲಯದ ಬೆಟ್ಟ ದಕ್ಷಿಣಕ್ಕೆ ನಿಧಾನ ಇಳಿಯುವುದಿಲ್ಲ, ಕತ್ತಿಯಲ್ಲಿ ಕಡಿದ ಹಾಗೆ ನಿಂತುಬಿಡುತ್ತದೆ. ಆ ಅಂಚಿನುದ್ದಕ್ಕೂ ಭೂಮಿಯಲ್ಲಿ ಒಂದು ದೊಡ್ಡ ಬಿರುಕಿದೆ, ಭೂವಿಜ್ಞಾನಿಗಳು ಅದಕ್ಕೆ ಇಟ್ಟ ಹೆಸರೇ ಡಾವ್ಕಿ ಫಾಲ್ಟ್. ಬಿರುಕಿನ ಈಚೆ ಬೆಟ್ಟ, ಆಚೆ ಸಮುದ್ರಮಟ್ಟಕ್ಕಿಂತ ಸ್ವಲ್ಪವೇ ಮೇಲಿರುವ ಸಿಲ್ಹೆಟ್ ಬಯಲು. ಬಂಗಾಳ ಕೊಲ್ಲಿಯಿಂದ ಆ ಬಯಲಿನ ಮೇಲೆ ಅಡ್ಡಿಯಿಲ್ಲದೆ ಬಂದ ಮೋಡ ಈ ಗೋಡೆಗೆ ಗುದ್ದುತ್ತದೆ. ಸೊಹ್ರಾ ಅಂದರೆ ಚಿರಾಪುಂಜಿ, ಮಾವ್ಸಿನ್‌ರಾಮ್, ಎಲ್ಲಾ ಇದೇ ಗೋಡೆಯ ಮೇಲಿನ ಊರುಗಳು. ಗಡಿಗೆರೆಯೂ ಹೆಚ್ಚುಕಮ್ಮಿ ಈ ಗೋಡೆಯ ಬುಡದಲ್ಲೇ ಎಳೆದದ್ದು. ಬೆಟ್ಟ ಭಾರತಕ್ಕೆ, ಬಯಲು ಆಗಿನ ಪೂರ್ವ ಪಾಕಿಸ್ತಾನಕ್ಕೆ.

ಇಲ್ಲೇ ಇರುವುದು ತೊಂದರೆ. ಈ ಇಳಿಜಾರಿನ ಜನರನ್ನು ‘ವಾರ್’ ಅನ್ನುತ್ತಾರೆ. ಖಾಸಿ ಕಡೆ ವಾರ್-ಖಾಸಿ, ಜೈಂತಿಯಾ ಕಡೆ ವಾರ್-ಜೈಂತಿಯಾ. ಉಮ್‌ಗೋಟ್ ನದಿಯೇ ಎರಡು ಸೀಮೆಗಳ ನಡುವಿನ ಎಲ್ಲೆ, ಶ್ನೋಂಗ್‌ಪ್ಡೆಂಗ್ ಜೈಂತಿಯಾ ದಡದಲ್ಲಿದೆ. ಇವರು ಭತ್ತ ಬೆಳೆದು ಬದುಕಿದವರಲ್ಲ. ಕಡಿದಾದ ಜಾಗದಲ್ಲಿ ಗದ್ದೆ ಎಲ್ಲಿಂದ ಬರಬೇಕು? ಅಡಿಕೆ, ವೀಳ್ಯದೆಲೆ, ಕಿತ್ತಳೆ, ತೇಜಪತ್ರೆ, ಜೇನು. ಇದನ್ನೆಲ್ಲ ಬೆನ್ನಿಗೆ ಬುಟ್ಟಿ ಕಟ್ಟಿಕೊಂಡು, ಇಲ್ಲವೇ ದೋಣಿಯಲ್ಲಿ ಕೆಳಗಿನ ಸಿಲ್ಹೆಟ್ ಸಂತೆಗಳಿಗೆ ಒಯ್ಯುತ್ತಿದ್ದರು. ಅಲ್ಲಿಂದ ಅಕ್ಕಿ, ಒಣಮೀನು, ಉಪ್ಪು, ಬಟ್ಟೆ. ಕೆಳಗಿನ ಸಂತೆ ಒಂದೆರಡು ಗಂಟೆ ದಾರಿ, ಮೇಲಿನ ಶಿಲ್ಲಾಂಗ್ ದಿನಗಟ್ಟಲೆ ದಾರಿ. ನೂರಾರು ವರ್ಷ ನಡೆದ ವ್ಯಾಪಾರ ಇದು. ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ ಸಿಲ್ಹೆಟ್‌ನಲ್ಲಿ ಇದ್ದ ರಾಬರ್ಟ್ ಲಿಂಡ್ಸೆ ಎಂಬ ಅಧಿಕಾರಿ ಇದೇ ಬೆಟ್ಟದ ಸುಣ್ಣಕಲ್ಲು ಮಾರಿ ದುಡ್ಡು ಮಾಡಿಕೊಂಡ.

1947ರ ಜುಲೈನಲ್ಲಿ ಸಿಲ್ಹೆಟ್‌ನಲ್ಲಿ ಜನಮತ ನಡೆಯಿತು, ಜಿಲ್ಲೆಯ ಬಹುಭಾಗ ಪಾಕಿಸ್ತಾನಕ್ಕೆ ಹೋಯಿತು. ಬೆಟ್ಟದ ಮೇಲಿನವರನ್ನು ಯಾರೂ ಕೇಳಲಿಲ್ಲ, ಅವರ ಸಂತೆ ಮಾತ್ರ ಬೇರೆ ದೇಶದಲ್ಲಿ ಉಳಿಯಿತು. ಹಣ್ಣು ಮರದಲ್ಲೇ ಕೊಳೆಯಿತು, ಅಕ್ಕಿಗೆ ಮೇಲಿನಿಂದ ದಾರಿ ಇರಲಿಲ್ಲ. ಹಳೆಯವರನ್ನು ಮಾತಾಡಿಸಿದರೆ ಈಗಲೂ ಆ ಬರಗಾಲದ ಮಾತೇ ಮೊದಲು ಬರುವುದು. ನಂಟಸ್ತಿಕೆಯೂ ಹರಿದು ಹೋಯಿತು. ಬಾಂಗ್ಲಾದ ಸಿಲ್ಹೆಟ್ ಕಡೆ ಖಾಸಿಗಳ ಹಳ್ಳಿಗಳಿವೆ, ‘ಪುಂಜಿ’ ಅನ್ನುತ್ತಾರೆ, ಅಲ್ಲೂ ಇವರ ಹಾಗೆ ಕಾಡುಮರಕ್ಕೆ ಬಳ್ಳಿ ಹಬ್ಬಿಸಿ ಎಲೆ ಬೆಳೆಯುತ್ತಾರೆ. 1971ರಲ್ಲಿ ಯುದ್ಧ ಆದಾಗ ಇದೇ ಡಾವ್ಕಿ ದಾರಿಯಲ್ಲಿ ನಿರಾಶ್ರಿತರು ಬೆಟ್ಟ ಹತ್ತಿ ಬಂದರು.

ಈಗ ಗಡಿ ದಾಟುವ ವ್ಯಾಪಾರ ಅಂದರೆ ಕಲ್ಲು. ಬಾಂಗ್ಲಾದ ಬಹುಭಾಗ ಮೆಕ್ಕಲು ಮಣ್ಣಿನ ನೆಲ, ಮನೆ ಕಟ್ಟಲು, ರಸ್ತೆ ಹಾಕಲು ಕಲ್ಲು ಸಾಲುವುದಿಲ್ಲ. ಸುಮ್ನೆನೋಡುವವ ಅವರು ಹೇಳಿದ ಲಾರಿ ಸಾಲು ಅದೇ. ಪಶ್ಚಿಮಕ್ಕೆ ಶೆಲ್ಲಾ ಕಡೆ ಹೋದರೆ ಇನ್ನೂ ತಮಾಷೆ ಇದೆ. ಅಲ್ಲಿನ ಗಣಿಯಿಂದ ಬಾಂಗ್ಲಾದ ಛಾತಕ್‌ನ ಸಿಮೆಂಟ್ ಕಾರ್ಖಾನೆಗೆ 17 ಕಿಲೋಮೀಟರ್ ಕನ್ವೇಯರ್ ಬೆಲ್ಟ್. ಸುಣ್ಣಕಲ್ಲಿಗೆ ವೀಸಾ ಬೇಡ.

ಶ್ನೋಂಗ್‌ಪ್ಡೆಂಗ್‌ನಂಥ ಊರಿಗೆ ಟೂರಿಸಂ ಬಂದದ್ದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಸಂತೆಗೆ ಹೋಗಲು ದಾರಿ ಮುಚ್ಚಿತು, ಈಗ ಸಂತೆಯೇ ಅವರ ಬಾಗಿಲಿಗೆ ಬಂದಿದೆ, ಅದೂ ಬೆಟ್ಟದ ಮೇಲಿನಿಂದ. ಹೋಂಸ್ಟೇ, ದೋಣಿ, ಕಯಾಕ್, ಅಡುಗೆಮನೆ ಹೆಚ್ಚಿನವು ಊರಿನವರದ್ದೇ. ಇದು ಸುಮ್ನೆ ಆದದ್ದಲ್ಲ. ಮೇಘಾಲಯದ ಬೆಟ್ಟಗಳು ಸಂವಿಧಾನದ ಆರನೇ ಪರಿಚ್ಛೇದದ ಕೆಳಗೆ ಬರುತ್ತವೆ, ನೆಲ ಸರ್ಕಾರದ್ದಲ್ಲ, ಕುಲದ್ದು, ಊರಿನದ್ದು. ಹೊರಗಿನವನು ಬಂದು ದಡ ಕೊಂಡು ರೆಸಾರ್ಟ್ ಕಟ್ಟಲು ಆಗುವುದಿಲ್ಲ. ಊರಿಗೆ ದರ್ಬಾರ್ ಇದೆ, ಅಂದರೆ ಊರ ಸಭೆ, ಅದಕ್ಕೊಬ್ಬ ಮುಖ್ಯಸ್ಥ, ಜೈಂತಿಯಾ ಕಡೆ ‘ವಾಹೆ ಶ್ನೋಂಗ್’ ಅನ್ನುತ್ತಾರೆ. ಯಾವ ದಿನ ದಡ ಗುಡಿಸಬೇಕು, ಕಸ ಹಾಕಿದವನಿಗೆ ದಂಡ ಎಷ್ಟು, ಎಲ್ಲಿಯ ತನಕ ಟೆಂಟ್ ಹಾಕಬಹುದು ಅನ್ನುವುದೆಲ್ಲ ದರ್ಬಾರಿನ ಮಾತು. ನೀರು ಗಾಜಿನ ಹಾಗಿದೆ ಅಂತ ಹೊಗಳುವವರು ಇದನ್ನೂ ಸ್ವಲ್ಪ ಹೊಗಳಬೇಕು. ಆಸ್ತಿ ಹೆಣ್ಣುಮಕ್ಕಳ ಕಡೆಯಿಂದ ಹೋಗುವುದು, ಕಿರಿಯ ಮಗಳು ಮನೆ ಉಳಿಸಿಕೊಳ್ಳುವುದು. ಹಾಗಾಗಿ ನೀವು ಉಳಿಯುವ ಮನೆಯಲ್ಲಿ ದುಡ್ಡಿನ ಮಾತು ಅಮ್ಮ ಅಥವಾ ಅಜ್ಜಿಯ ಹತ್ತಿರವೇ ಆಡಬೇಕಾಗಬಹುದು. ದರ್ಬಾರಿನಲ್ಲಿ ಮಾತ್ರ ಕೂರುವವರು ಗಂಡಸರು, ಅದು ಬೇರೆ ಕಥೆ, ಅದರ ಬಗ್ಗೆ ಅಲ್ಲಿಯ ಹೆಂಗಸರನ್ನು ಕೇಳಿದರೆ ಚೆನ್ನಾಗಿ ಹೇಳುತ್ತಾರೆ.

2021ರಲ್ಲಿ ಇದೇ ನದಿಗೆ ಮೇಲ್ಭಾಗದಲ್ಲಿ 210 ಮೆಗಾವಾಟ್ ವಿದ್ಯುತ್ ಯೋಜನೆ ಅಂತ ಹೊರಟಿದ್ದರು. ಸಾರ್ವಜನಿಕ ಅಹವಾಲು ಸಭೆಗೆ ಬಂದ ಅಧಿಕಾರಿಗಳ ದಾರಿಯನ್ನೇ ಹಳ್ಳಿಯವರು ಅಡ್ಡಗಟ್ಟಿದರು. ಅಣೆಕಟ್ಟು ಕಟ್ಟಿದರೆ ಚಳಿಗಾಲದಲ್ಲಿ ಕೆಳಗೆ ಹರಿಯಲು ನೀರು ಎಷ್ಟು ಉಳಿಯುತ್ತದೆ ಅನ್ನುವುದು ಅವರ ಪ್ರಶ್ನೆ. ಡಾವ್ಕಿಯ ದೋಣಿಯವರಿಗೂ ಅದೇ ಚಿಂತೆ.

ಮರಳುಮೀನು:

ಪೈನ್‌ಮರ ಅವರೇ, ಒಂದು ಡೌಟು. ನೀರು ತಿಳಿ ಇದ್ದರೆ ಶುದ್ಧ ಅಂತ ಹೇಗೆ ಹೇಳುವುದು? ಮೇಘಾಲಯದಲ್ಲಿ ಕಲ್ಲಿದ್ದಲ ಗಣಿ ನೀರು ಸೇರಿ ನದಿಗಳು ಸತ್ತಿವೆ ಅಂತ ಓದಿದ ನೆನಪು.

ಪೈನ್‌ಮರ:

ಒಳ್ಳೇ ಡೌಟು. ತಿಳಿ ನೀರು ಬೇರೆ, ಜೀವ ಇರುವ ನೀರು ಬೇರೆ. ಪೂರ್ವ ಜೈಂತಿಯಾ ಬೆಟ್ಟದಲ್ಲಿ ಲುಖಾ ಅಂತ ನದಿ ಇದೆ, ಚಳಿಗಾಲದಲ್ಲಿ ನೀಲಿ ಶಾಯಿ ಕದಡಿದ ಹಾಗೆ ಆಗುತ್ತದೆ. ನೋಡಲು ಚಂದ, ಆದರೆ ಮೀನು ಸತ್ತು ತೇಲಿದ ನದಿ ಅದು. ಅಲ್ಲಿಯ ಕಲ್ಲಿದ್ದಲಲ್ಲಿ ಗಂಧಕ ಜಾಸ್ತಿ. ಬಿಲದಂಥ ಗಣಿಗಳಿಂದ ಹೊರಬಂದ ನೀರು ಆಮ್ಲವಾಗಿ ಹೊಳೆ ಸೇರುತ್ತದೆ. ಆ ಆಮ್ಲ ಎಷ್ಟು ಕೆಟ್ಟದ್ದು ಅಂದರೆ ಮಿಂಟ್ಡು ನದಿಯ ಲೆಷ್ಕಾ ವಿದ್ಯುತ್ ಕೇಂದ್ರದ ಯಂತ್ರಗಳನ್ನೇ ತಿಂದು ಹಾಕಿದೆ. ಹಸಿರು ನ್ಯಾಯಮಂಡಳಿ 2014ರಲ್ಲಿ ಆ ಗಣಿಗಾರಿಕೆ ನಿಲ್ಲಿಸಿ ಅಂದಿತು. 2018ರ ಡಿಸೆಂಬರ್‌ನಲ್ಲಿ ಕ್ಸಾನ್‌ನಲ್ಲಿ ಗಣಿಗೆ ನೀರು ನುಗ್ಗಿ ಕೂಲಿಗಳು ಒಳಗೇ ಉಳಿದರು ಅಂದ ಮೇಲೆ ಎಷ್ಟು ನಿಂತಿತ್ತು ಅಂತ ನೀವೇ ಲೆಕ್ಕ ಹಾಕಿ.

ಉಮ್‌ಗೋಟ್‌ನಲ್ಲಿ ಮೀನಿದೆ. ಅದೇ ನನ್ನ ಅಳತೆಗೋಲು. ಬಂಡೆ ಮೇಲೆ ಉದ್ದ ಗಾಳ ಹಿಡಿದು ಗಂಟೆಗಟ್ಟಲೆ ಕೂತಿರುವ ಮುದುಕರನ್ನು ನೋಡಿ, ಅವರು ತಿಳಿ ನೀರಿನ ಚಂದ ನೋಡಲು ಕೂತವರಲ್ಲ. ತಳ ಕಲ್ಲು, ದಡದಲ್ಲಿ ಕಾಡು ಮತ್ತು ಅಡಿಕೆ ತೋಟ, ಚಳಿಗಾಲದಲ್ಲಿ ಮಳೆಯಿಲ್ಲದೆ ಮಣ್ಣು ಇಳಿಯುವುದಿಲ್ಲ. ತಿಳಿಗೆ ಕಾರಣ ಇಷ್ಟೇ. ಅದಕ್ಕೇ ರಸ್ತೆ ಮಣ್ಣಿನ ವಿಷಯ ಚಿಕ್ಕದಲ್ಲ, ಸುಮ್ನೆನೋಡುವವ ಹೇಳಿದ್ದು ಸರಿ.

ಕೆಂಪುಛತ್ರಿ:

ಎಲ್ಲರಿಗೂ ಥ್ಯಾಂಕ್ಸ್. ಇಷ್ಟು ಸಿಗುತ್ತದೆ ಅಂದುಕೊಂಡಿರಲಿಲ್ಲ. ಹಳೇಬೂಟು ಅವರು ಬರೆದದ್ದನ್ನು ಅಮ್ಮನಿಗೆ ಓದಿ ಹೇಳಿದೆ. ಭಯ ಅರ್ಧ ಹೋಯಿತು. ಅಲ್ಲಿ ಅಡಿಕೆ ಬೆಳೆಯುತ್ತಾರೆ ಅಂದ ಮೇಲೆ ಉಳಿದರ್ಧವೂ ಹೋಯಿತು. ನಮ್ಮದು ಅಡಿಕೆ ತೋಟದ ಮನೆ, ಈಗ ಅವರೇ ಉಳಿಯೋಣ ಅನ್ನುತ್ತಿದ್ದಾರೆ. ವಾರದ ಮಧ್ಯೆ ಒಂದು ರಾತ್ರಿ ಅಂತ ಮಾಡಿಕೊಂಡಿದ್ದೇವೆ, ಮಾವ್ಲಿನ್ನಾಂಗ್ ಮರುದಿನ ವಾಪಸ್ ಬರುವಾಗ.

ಇನ್ನೆರಡು ಪ್ರಶ್ನೆ. ಅಮ್ಮನಿಗೆ ಮೀನು ಮಾಂಸ ಆಗುವುದಿಲ್ಲ, ಊಟ ಏನು ಸಿಗುತ್ತದೆ? ಮತ್ತೆ ಮಗನಿಗೆ ಈಜು ಬರುವುದಿಲ್ಲ, ನೀರಿಗೆ ಇಳಿಸಬಹುದಾ?

ನೀರುಕಾಗೆ:

ಮಗನ ವಿಷಯ ಮೊದಲು. ಲೈಫ್ ಜಾಕೆಟ್ ಇಲ್ಲದೆ ಇಳಿಸಲೇಬೇಡಿ. ತಿಳಿ ನೀರಿನ ಅಪಾಯವೇ ಅದು, ತಳ ಕೈಗೆ ಸಿಗುವ ಹಾಗೆ ಕಾಣುತ್ತದೆ, ಕಾಲಿಟ್ಟರೆ ಆಳು ಮುಳುಗುವಷ್ಟು. ದೊಡ್ಡವರೇ ಮೊಣಕಾಲಷ್ಟಿರಬೇಕು ಅಂತ ಬಂಡೆಯಿಂದ ಇಳಿದು ಗುಳುಂ ಅಂದದ್ದನ್ನು ನೋಡಿದ್ದೇನೆ. ಬಂಡೆಯ ಅಂಚಿನಲ್ಲಿ ಪಾಚಿ ಇರುತ್ತದೆ, ಚಪ್ಪಲಿ ಜಾರುತ್ತದೆ, ಹಿಡಿತ ಇರುವ ಶೂ ತನ್ನಿ. ಅಮ್ಮನಿಗೆ ದೋಣಿ ಹತ್ತುವಾಗ ಇಬ್ಬರು ಕೈ ಹಿಡಿಯಿರಿ. ಊರಿನಿಂದ ದಡಕ್ಕೆ ಮೆಟ್ಟಿಲು ಇಳಿಯಬೇಕು, ಮಂಡಿ ನೋವಿದ್ದರೆ ದಡದ ಹತ್ತಿರದ ಮನೆ ಕೇಳಿ.

ಬಟ್ಟೆ ಎರಡು ಥರ ಬೇಕು. ಶಿಲ್ಲಾಂಗ್ ಸುಮಾರು 1,500 ಮೀಟರ್ ಎತ್ತರ, ಡಿಸೆಂಬರ್‌ನಲ್ಲಿ ಸ್ವೆಟರ್ ಇಲ್ಲದೆ ಆಗುವುದಿಲ್ಲ. ನದಿ ದಡಕ್ಕೆ ಇಳಿದರೆ ಹಗಲು ಬೆವರುತ್ತೀರಿ.

ಪೈನ್‌ಮರ:

ಊಟ: ಅನ್ನ, ಬೇಳೆ, ಆಲೂ ಪಲ್ಯ, ಮೊಟ್ಟೆ ಖಂಡಿತ ಸಿಗುತ್ತದೆ. ಮೊದಲೇ ಹೇಳಿಡಿ. ಅಡುಗೆಮನೆಯಲ್ಲಿ ಪಕ್ಕದ ಒಲೆಯ ಮೇಲೆ ಹಂದಿ ಮಾಂಸ ಬೇಯುತ್ತಿರುತ್ತದೆ, ಒಣಮೀನಿನ ‘ತುಂಗ್‌ತಾಪ್’ ಚಟ್ನಿಯ ವಾಸನೆ ಮನೆ ತುಂಬ ಇರುತ್ತದೆ. ಅದು ಅಮ್ಮನಿಗೆ ಆಗುವುದೇ ಇಲ್ಲ ಅಂದರೆ ಅವಲಕ್ಕಿ, ಚಟ್ನಿಪುಡಿ ಒಯ್ಯಿರಿ. ಅವರ ಮನೆಯಲ್ಲಿ ಮೂಗು ಮುಚ್ಚಿಕೊಳ್ಳುವುದಕ್ಕಿಂತ ಅದು ವಾಸಿ.

ಅಡಿಕೆ ತೋಟದ ಮನೆಯವರು ಅಂದ ಮೇಲೆ ಇದನ್ನು ಹೇಳಲೇಬೇಕು. ಮನೆಗೆ ಹೋದ ಕೂಡಲೇ ‘ಕ್ವಾಯ್’ ಕೊಡುತ್ತಾರೆ, ಎಲೆಗೆ ಸುಣ್ಣ ಸವರಿ ಅಡಿಕೆಯ ಹೋಳು. ಎಲೆ ಅಡಿಕೆ ಕೊಡುವುದು ನಮ್ಮದೇ ಪದ್ಧತಿ ಅಂತ ಅಮ್ಮನಿಗೆ ಖುಷಿ ಆಗುತ್ತದೆ, ಗಬಕ್ಕನೆ ಬಾಯಿಗೆ ಹಾಕಿಕೊಂಡಾರು. ಅದು ನಮ್ಮ ಒಣಗಿಸಿದ ಚಾಲಿಯೂ ಅಲ್ಲ, ಬೇಯಿಸಿದ ಕೆಂಪಡಿಕೆಯೂ ಅಲ್ಲ. ಹಸಿಯದ್ದು, ಇಲ್ಲವೇ ನೀರಿನಲ್ಲಿ ತಿಂಗಳುಗಟ್ಟಲೆ ನೆನೆಹಾಕಿ ಹುಳಿ ಬಂದದ್ದು. ಸೊಕ್ಕುತ್ತದೆ. ಕಿವಿ ಬಿಸಿಯಾಗಿ, ಹಣೆ ಬೆವರಿ, ಎದೆ ಡವಡವ ಅನ್ನುತ್ತದೆ. ಚಿಕ್ಕ ಹೋಳು ಸಾಕು. ಬಿಪಿ ಇದ್ದರೆ ಬೇಡವೇ ಬೇಡ, ಎರಡೂ ಕೈ ಮುಗಿದು ‘ಖುಬ್ಲೇ’ (ಧನ್ಯವಾದ) ಅಂದರೆ ಯಾರೂ ತಪ್ಪು ತಿಳಿಯುವುದಿಲ್ಲ. ತೋಟ ತೋರಿಸಿ ಅಂತ ಕೇಳಿ. ನಮ್ಮ ಹಾಗೆ ಸಾಲು ಇಲ್ಲ, ಪಾತಿ ಇಲ್ಲ, ಬೆಟ್ಟದ ಕಾಡಿನ ನಡುವೆಯೇ ಅಡಿಕೆ, ಅದರ ಪಕ್ಕದ ಮರಕ್ಕೆ ಎಲೆಬಳ್ಳಿ, ಕೆಳಗೆ ಪೊರಕೆ ಹುಲ್ಲು. ಕೊಳೆರೋಗಕ್ಕೆ ಏನು ಮಾಡುತ್ತೀರಿ ಅಂತ ಅಮ್ಮ ಕೇಳದೆ ಬಿಡುವುದಿಲ್ಲ ಅಂತ ನನ್ನ ಅಂದಾಜು. ಅಷ್ಟು ಮಳೆ ಬೀಳುವ ಜಾಗದಲ್ಲಿ ಅದು ನ್ಯಾಯವಾದ ಪ್ರಶ್ನೆಯೇ.

ಭಾನುವಾರ ತಪ್ಪಿಸಿದ್ದು ಒಳ್ಳೆಯದಾಯಿತು. ಜೈಂತಿಯಾ, ಖಾಸಿ ಕಡೆ ಹೆಚ್ಚಿನವರು ಕ್ರಿಶ್ಚಿಯನ್ನರು, ಭಾನುವಾರ ಚರ್ಚು, ಅಂಗಡಿಗಳ ಬಾಗಿಲು ಹಾಕಿರುತ್ತದೆ. ಶಿಲ್ಲಾಂಗ್‌ನಲ್ಲೇ ನಗದು ತೆಗೆದಿಟ್ಟುಕೊಳ್ಳಿ.

ಹಳೇಬೂಟು:

ಒಂದು ಬಿಟ್ಟುಹೋಗಿತ್ತು. ಡಾವ್ಕಿ ಹತ್ತಿರ ಫೋನು ಬಾಂಗ್ಲಾದ ನೆಟ್‌ವರ್ಕ್ ಹಿಡಿಯುತ್ತದೆ. ಇಂಟರ್‌ನ್ಯಾಷನಲ್ ರೋಮಿಂಗ್ ಆಫ್ ಮಾಡಿಡಿ, ಇಲ್ಲದಿದ್ದರೆ ಬಿಲ್ ನೋಡಿ ಅಳುತ್ತೀರಿ. ಗಡಿಯಾರವೂ ತಾನಾಗಿ ಅರ್ಧ ಗಂಟೆ ಮುಂದೆ ಹೋಗುತ್ತದೆ, ಅವರ ಟೈಮು ನಮಗಿಂತ ಅಷ್ಟು ಮುಂದೆ. ದೋಣಿಗೆ ಹತ್ತು ಗಂಟೆ ಅಂತ ಹೇಳಿ ಒಂಬತ್ತೂವರೆಗೇ ದಡದಲ್ಲಿ ನಿಂತು ದೋಣಿಯವನ ಮೇಲೆ ರೇಗಿದವರನ್ನು ಕಂಡಿದ್ದೇನೆ. ಸೆಟ್ಟಿಂಗ್‌ನಲ್ಲಿ ಆಟೋಮ್ಯಾಟಿಕ್ ಟೈಮ್ ತೆಗೆದುಬಿಡಿ.

ಕೆಂಪುಛತ್ರಿ:

ಕೊಳೆರೋಗದ ಪ್ರಶ್ನೆ ಓದಿ ಅಮ್ಮ ಜೋರು ನಕ್ಕರು, ಆಮೇಲೆ ‘ಹೌದು, ಏನು ಮಾಡುತ್ತಾರೆ?’ ಅಂತ ನನ್ನನ್ನೇ ಕೇಳುತ್ತಿದ್ದಾರೆ. ದಡದ ಹತ್ತಿರದ ಮನೆ ಬುಕ್ ಮಾಡಿದೆ. ಫೋನಿನಲ್ಲಿ ಮಾತಾಡಿದ್ದು ಆ ಮನೆಯ ಅಜ್ಜಿಯ ಮೊಮ್ಮಗಳು, ರೇಟು ಇಳಿಸಿ ಅಂದರೆ ‘ಅಜ್ಜಿಯನ್ನು ಕೇಳಿ ಹೇಳುತ್ತೇನೆ’ ಅಂದಳು. ಅಜ್ಜಿ ಇಳಿಸಲಿಲ್ಲ.